ಅಕ್ಕನ ಹೋಲ್ಡಾನ್
ಇದು ರೀಲಲ್ಲ, ನಡೆದದ್ದು. ಹೊಟ್ಟೆ ಕಿರಿದು ಮಾಡುವ ಆಪರೇಷನ್ ಮಾಡಿಸಿಕೊಂಡು ಬಂದಿದ್ದ ಕಂಡಕ್ಟರಕ್ಕ, ಒಂದು ಚಮಚ ಮೊಟ್ಟೆ ನುಂಗಿ ಹಳೇ ಚಾಳಿಯಂತೆ ತಕ್ಷಣ ಇನ್ನೊಂದನ್ನು ಬಾಯಿಗೆ ಒಯ್ಯುತ್ತಿದ್ದಳು. ನಿನ್ನೆ ಹೀಗೇ ಅವಸರ ಮಾಡಿ, ತುತ್ತು ಎದೆಯಲ್ಲಿ ಸಿಕ್ಕಿಕೊಂಡು, ವಾಂತಿಯಾಗಿ, “ಇನ್ನು ನನಗೆ ಊಟವೇ ಬೇಡ” ಎಂದು ಅತ್ತಿದ್ದಳು.

“ಹೋಲ್ಡಾ...ನ್! ಒಳಗೆ ಜಾಗ ಇಲ್ಲ, ಮೊದಲು ಇಳಿಯೋರು ಇಳೀಲಿ!”

ಬಾಗಿಲ ಹಿಂದಿನಿಂದ ಬಂದದ್ದು ಅವಳದೇ ದನಿ. ಚಮಚ ಗಾಳಿಯಲ್ಲೇ ಬ್ರೇಕ್ ಹಾಕಿತು.

“ಲೋ ತಮ್ಮ, ನನ್ನ ಧ್ವನಿ ಕದೀತೀಯೇನೋ?”

“ನಿನ್ನ ಬಸ್ಸು ಈಗ ಆಟೋ ಆಗಿದೆ ಕಣಕ್ಕಾ!” ಎನ್ನುತ್ತ ತಮ್ಮ ಬಾಗಿಲಿಂದ ಇಣುಕಿದ.

ಅಕ್ಕ ಮುಖ ಊದಿಸಿಕೊಂಡು ಕೂತಳು. ಅಷ್ಟರಲ್ಲಿ ತುತ್ತು ಮೆಲ್ಲಗೆ ಕೆಳಗಿಳಿಯಿತು; ನೋವೇ ಇಲ್ಲ. ಸಣ್ಣ ತೇಗೊಂದು ಹಾರ್ನ್ ಹೊಡೆಯಿತು. “ರೈಟ್, ರೈಟ್!” ಎಂದು ಚಮಚ ಎತ್ತಿದ ಅಕ್ಕ, ಬಸ್‌ಸ್ಟ್ಯಾಂಡಿಗೇ ಕೇಳುವ ಹಾಗೆ ನಕ್ಕಳು.