ದವಡೆಹಲ್ಲು

ಅಪ್ಪನ ಬೂದಿಯೆಲ್ಲ ಹೊಳೆಯ ನೀರಲ್ಲಿ ಹರಿದುಹೋದ ಮೇಲೆ ಮಡಕೆಯ ತಳದಲ್ಲಿ ಏನೋ ಟಕ್ಕೆಂದಿತು. ಮಗಳು ಕೈಹಾಕಿ ತೆಗೆದಳು. ಅದೊಂದು ಹಲ್ಲು.

ಅಪ್ಪ ಹೋದಂದಿನಿಂದ ಅವಳಿಗೆ ಅಳುವೇ ಬಂದಿರಲಿಲ್ಲ. ವಿದ್ಯುತ್ ಚಿತಾಗಾರದವರು ಕಿಟಕಿಯಿಂದ ಬೂದಿಯ ಮಡಕೆ ಕೊಟ್ಟಾಗಲೂ ಬಂದಿರಲಿಲ್ಲ. ಈಗಲೂ ಹೈಸ್ಕೂಲಿನಲ್ಲಿ ವಿಜ್ಞಾನ ಪಾಠ ಮಾಡುವ ದನಿಯೇ ಬಾಯಿಂದ ಹೊರಟಿತು.

“ದವಡೆಹಲ್ಲು ಅಮ್ಮ. ಅಗಿಯೋ ಹಲ್ಲು. ಮೇಲಿನ ಎನಾಮೆಲ್ಲು ಬೆಂಕಿಗೆ ಬಿರಿದು ಉದುರಿದೆ. ಬೇರು ಎರಡೂ ಹಾಗೇ ಇವೆ ನೋಡು. ಮೂಳೆಯೊಳಗೆ ಹೂತಿರುತ್ತಲ್ಲ, ಅದಕ್ಕೇ ಉಳ್ಕೊಂಡಿದೆ.”

ತಾಯಿ ಅದನ್ನು ಅಂಗೈಯಲ್ಲಿಟ್ಟುಕೊಂಡು ಹೊರಳಿಸಿ ನೋಡಿದಳು.

“ಅಪ್ಪ ಹಲ್ಲನ್ನ ಎಷ್ಟು ಜೋಪಾನ ಮಾಡ್ತಿದ್ರು! ಬಚ್ಚಲಮನೆ ಬಾಗಿಲು ಹಾಕ್ಕೊಂಡು ಉಜ್ಜಿದ್ದೇ ಉಜ್ಜಿದ್ದು. ಕೊಡು, ಇದನ್ನೂ ನೀರಿಗೆ ಬಿಡೋಣ.”

“ತಾಳು.”

“ಯಾಕಮ್ಮ?”

“ನಿನಗೂ ಹೇಳಬಾರದು ಅಂತ ಆಣೆ ಮಾಡಿಸ್ಕೊಂಡಿದ್ರು. ಯಾರಿಗೂ ಕಾಣದ ಹಾಗೆ ಬೂದಿ ಜೊತೇಲೇ ಬಿಟ್ಟುಬಿಡೋಣ ಅಂತ ತಂದಿದ್ದೆ.”

ತಾಯಿ ಸೆರಗಿನ ಗಂಟು ಬಿಚ್ಚಿದಳು. ಒಳಗೆ ಗುಲಾಬಿ ಬಣ್ಣದ ವಸಡಿನ ಸಮೇತ ಕಟ್ಟಿಸಿದ ಹಲ್ಲಿನ ಸೆಟ್ಟು ಇತ್ತು, ಮೇಲಿನದು ಕೆಳಗಿನದು ಎರಡೂ ಪೂರ್ತಿ.

“ಇದು ನಿಮ್ಮಪ್ಪಂದು. ಎಷ್ಟೋ ವರ್ಷದಿಂದ ಅವರ ಬಾಯಲ್ಲಿ ಸ್ವಂತ ಹಲ್ಲು ಒಂದೂ ಇರಲಿಲ್ಲ.”

ಮಗಳು ಖಾಲಿ ಮಡಕೆಯನ್ನು ನೋಡಿದಳು, ಆಮೇಲೆ ಹೊಳೆಯನ್ನು.

“ನಾವೀಗ ನೀರಿಗೆ ಬಿಟ್ಟಿದ್ದು ಯಾರನ್ನೇ?” ಎಂದಳು ತಾಯಿ.