ನಾಲ್ಕು ಹೆಜ್ಜೆಗೊಂದು ಡ್ರಮ್ಮು

ವೃದ್ಧಾಶ್ರಮದಿಂದ ವಾಪಸು ಬಂದ ಮೂರು ವಾಕರುಗಳನ್ನು ಮಾಲೀಕ ಕೃಷ್ಣಪ್ರಸಾದ ಶೆಡ್ಡಿನ ನಡುವೆ ಧಡಾರನೆ ಇಳಿಸಿದ.

"ಹಿಡಿದು ನಡೆದೋರೆಲ್ಲ ಮುಗ್ಗರಿಸ್ತಿದ್ದಾರಂತೆ. ಸಂಜೆಯೊಳಗೆ ಸರಿಮಾಡಿ ಕಳಿಸದಿದ್ರೆ ಆರ್ಡರ್ ಹೋಯ್ತು ಅಂತಲೇ ತಿಳ್ಕೊಳ್ಳಿ."

ಇಪ್ಪತ್ತೆಂಟರ ವೆಲ್ಡರ್ ಸುಮಂತ್ ಒಂದನ್ನು ಹಿಡಿದು ಸರಸರನೆ ಎರಡು ಸುತ್ತು ಹಾಕಿದ. "ಚೆನ್ನಾಗೇ ಇದೆಯಲ್ಲ ಸಾರ್."

"ನಿನ್ನ ಹಾಗೆ ಓಡೋರಿಗೆ ವಾಕರ್ ಯಾಕಯ್ಯಾ?" ಕೃಷ್ಣಪ್ರಸಾದ ರೇಗಿದ.

ವಿಜಯವಾಡದ ಆಟೋನಗರದಲ್ಲಿ ಒಂದು ಕಾಲಕ್ಕೆ ಲಾರಿ ಬಾಡಿ ಕಟ್ಟುತ್ತಿದ್ದ ಶೆಡ್ಡು ಅದು. ಈಗ ಆಸ್ಪತ್ರೆ ಮಂಚ, ಗಾಲಿಕುರ್ಚಿ, ವಾಕರುಗಳಿಗೇ ಗಿರಾಕಿ ಹೆಚ್ಚು. ಊರಿನವರಿಗೆ ವಯಸ್ಸಾದರೆ ಶೆಡ್ಡಿಗೆ ಕೆಲಸ. ಶೆಡ್ಡಿನವನಿಗೇ ವಯಸ್ಸಾದರೆ ಮಾತ್ರ ಮನೆಯ ದಾರಿ. ಏಣಿ ಹತ್ತಲಾಗದ ಪೇಂಟರನ್ನು ಹೋದ ತಿಂಗಳಷ್ಟೇ ಶಾಲು ಹೊದಿಸಿ ಕಳಿಸಿದ್ದರು.

ಹಾಗಾಗಿ, ಹರಿಹರದಿಂದ ಬಂದು ಮೂವತ್ತನಾಲ್ಕು ವರ್ಷ ಇಲ್ಲೇ ವೆಲ್ಡಿಂಗ್ ಮಾಡಿದ್ದ ಅರವತ್ತೆರಡರ ಅಶೋಕ, ಸಂಕ್ರಾಂತಿಯಿಂದ ಎಡ ಮಂಡಿ ಕೈಕೊಟ್ಟಿದ್ದನ್ನು ಯಾರ ಬಳಿಯೂ ಬಾಯಿಬಿಟ್ಟಿರಲಿಲ್ಲ. ತನ್ನ ಮೇಜಿನಿಂದ ಗೇಟಿನ ತನಕ ನಾಲ್ಕು ಹೆಜ್ಜೆಗೊಂದರಂತೆ ಖಾಲಿ ಡ್ರಮ್ಮು ಸರಿಸಿಟ್ಟುಕೊಂಡಿದ್ದ. ಒಂದನ್ನು ಹಿಡಿದು ಇನ್ನೊಂದಕ್ಕೆ ದಾಟುತ್ತ, ಸಾಮಾನು ನೋಡುವವನ ಹಾಗೆ ನಡೆದುಬಿಡುತ್ತಿದ್ದ. ಹೆಂಡತಿ ಶಾರದಾ ಹೋದ ಮೇಲೆ ಈ ತೆಲುಗು ಊರಲ್ಲಿ ಅವನ ಕನ್ನಡ ಕೇಳಲು ಉಳಿದಿದ್ದು ಆ ಮಂಡಿಯೊಂದೇ.

ಈಗಲೂ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ಶಾರದಾ ಬಚ್ಚಲಲ್ಲಿ ಬಿದ್ದೇ ತೀರಿಕೊಂಡವಳು. ಯಾರೋ ಮುಗ್ಗರಿಸುತ್ತಿದ್ದಾರೆಂದರೆ ಅವನಿಗೆ ತಡೆಯಲಾಗಲಿಲ್ಲ. ವಾಕರ್ ಎಳೆದುಕೊಂಡು ಮೈಭಾರ ಬಿಟ್ಟ. ಎಷ್ಟು ತಿಂಗಳ ಮೇಲೆ ಮಂಡಿಗೆ ಹಾಯೆನಿಸಿತು! ನಿಧಾನವಾಗಿ ಗೇಟಿನ ತನಕ ಹೋಗಿ ಬಂದ.

"ಹಿಡಿ ಎರಡಿಂಚು ಇಳೀಬೇಕು. ಮುಂದಿನ ಕಾಲು ಅಗಲ ಆಗಬೇಕು. ಈಗ ಭುಜ ಮೇಲೆದ್ದು ಪಾದ ತಡವರಿಸುತ್ತೆ."

ಕೃಷ್ಣಪ್ರಸಾದ ಅವನ ಕಾಲನ್ನೇ ನೋಡುತ್ತಿದ್ದ. ಸಿಕ್ಕಿಬಿದ್ದೆ ಎಂದುಕೊಂಡ ಅಶೋಕ.

"ಅಬ್ಬಬ್ಬಾ, ಅಶೋಕಗಾರೂ! ಮುದುಕನ ವೇಷ ಎಷ್ಟು ಚೆನ್ನಾಗಿ ಹಾಕ್ತೀರಿ!" ಮಾಲೀಕ ಚಪ್ಪಾಳೆ ತಟ್ಟಿದ. "ಇನ್ಮೇಲೆ ಪ್ರತಿ ವಾಕರನ್ನೂ ನೀವೇ ನಡೆದು ನೋಡಿ. ಸುಮಂತ್, ಆ ಡ್ರಮ್ಮೆಲ್ಲ ಹಿತ್ತಲಿಗೆ ಸಾಗಿಸು. ಅವರಿಗೆ ನಡೆಯೋಕೆ ಜಾಗ ಬೇಕು."

ಬೇಡವೆನ್ನಲು ಅಶೋಕ ಬಾಯಿ ತೆರೆದ. ಯಾಕೆ ಎಂದು ಕೇಳಿದರೆ? ಮುಚ್ಚಿಕೊಂಡ.

ಸಂಜೆ ಐದಕ್ಕೆ ಸರಿಮಾಡಿದ ವಾಕರುಗಳು ವ್ಯಾನು ಹತ್ತಿದವು. ಮೇಜಿನ ಬಳಿ ಕೊನೆಯದನ್ನು ಹಿಡಿದು ನಿಂತಿದ್ದ ಅಶೋಕನ ಕೈಯಿಂದ ಸುಮಂತ್ ಅದನ್ನೂ ಬಿಡಿಸಿಕೊಂಡು ಹೋದ. ವ್ಯಾನು ಹೊರಟಿತು. ಕೃಷ್ಣಪ್ರಸಾದ ಬೀಗ ಹಿಡಿದು ಗೇಟಿನಿಂದ ಕೂಗಿದ, "ಬನ್ನಿ ಅಶೋಕಗಾರೂ, ಹೊರಡೋಣ!"

ಗುಡಿಸಿಟ್ಟ ಸಿಮೆಂಟು ನೆಲ ಗೇಟಿನವರೆಗೂ ಬಟಾಬಯಲಾಗಿತ್ತು. ಇಪ್ಪತ್ತನಾಲ್ಕು ಹೆಜ್ಜೆ. ಮೇಜಿನ ಅಂಚು ಬಿಡದೆ ಅಶೋಕ ಬಗ್ಗಿ ಮಂಡಿ ಸವರಿದ.

"ನಡಿಯಪ್ಪಾ," ಎಂದ ಮೆಲ್ಲಗೆ ಕನ್ನಡದಲ್ಲಿ, "ಇಲ್ಲಿ ನಾವಿಬ್ರೇ ಅದೀವಿ."