ರಟ್ಟಿನ ಪ್ಯಾಟರ್ನ್

ತನ್ನ ಟೈಲರಿಂಗ್ ಅಂಗಡಿಯ ಗಿರಾಕಿಗಳು ಒಬ್ಬೊಬ್ಬರಾಗಿ ಎದುರಿನ ಟೈಲರ್ ಜಯಶೀಲಳ ಅಂಗಡಿಯ ಮೆಟ್ಟಿಲು ಹತ್ತುವುದನ್ನು ನೋಡಿ ನೋಡಿ ಸರ್ವಮಂಗಳೆಗೆ ಹೊಟ್ಟೆ ಉರಿಯುತ್ತಿತ್ತು. ಜಯಶೀಲ ಹೊಲಿದ ಬ್ಲೌಸು ಮೈಗೆ ಅಚ್ಚುಕಟ್ಟಾಗಿ ಕೂರುತ್ತದೆ ಎಂದು ತನ್ನ ಸ್ವಂತ ನಾದಿನಿಯೇ ಹೇಳಿದ್ದಳು.

ಒಂದು ಮಧ್ಯಾಹ್ನ ಪೂಜೆಗೆ ಕರೆಯುವ ನೆಪದಲ್ಲಿ ಅಲ್ಲಿಗೆ ಹೋದಳು. ಜಯಶೀಲ ಕಾಫಿ ತರಲು ಒಳಗೆ ಹೋದದ್ದೇ ತಡ, ಮೇಜಿನ ಮೇಲಿದ್ದ, ಬ್ಲೌಸಿನ ಬಟ್ಟೆ ಕತ್ತರಿಸಲು ಇಟ್ಟು ಗೆರೆ ಎಳೆಯುವ ರಟ್ಟಿನ ಪ್ಯಾಟರ್ನಿನ ಪಕ್ಕ ಅಳತೆ ಟೇಪು ಹಾಸಿ ಮೊಬೈಲಿನಲ್ಲಿ ಫೋಟೊ ತೆಗೆದುಕೊಂಡಳು. ಆಮೇಲೆ ಆ ನೀರು ಕಾಫಿಯನ್ನೂ ಕುಡಿದು ಎದ್ದಳು.

ಅಲ್ಲಿಂದ ನೇರ ಲೇಸರ್ ಕಟಿಂಗ್ ಅಂಗಡಿಗೆ ಬಂದಳು. ಅಂಗಡಿಯ ನದೀಮ್ ಫೋಟೊವನ್ನು ಕಂಪ್ಯೂಟರಿಗೆ ಹಾಕಿ, ಟೇಪಿನ ಅಳತೆ ಹಿಡಿದು, ಅಂಚಿನ ಗೆರೆ ಎಳೆಯತೊಡಗಿದ.

“ಗಟ್ಟಿ ಅಕ್ರಿಲಿಕ್ ಶೀಟಲ್ಲಿ ಕಟ್ ಮಾಡ್ಕೊಡು. ಅವಳ ಹಾಗೆ ರಟ್ಟು ಇಟ್ಕೊಂಡು ಕೂರೋಳಲ್ಲ ನಾನು” ಎಂದಳು ಸರ್ವಮಂಗಳ. “ನೆಟ್ಟಗೊಂದು ಹುಕ್ಕು ಹೊಲಿಯೋಕೆ ಬರ್ತಿರ್ಲಿಲ್ಲ. ಈಗ ದೊಡ್ಡ ಟೈಲರಂತೆ.”

ನದೀಮ್ ಕೈ ನಿಲ್ಲಿಸಿದ. “ಅಕ್ಕಾ, ಈ ಫೈಲು ನನ್ನ ಹತ್ರ ಆಗ್ಲೇ ಇದೆ. ಆ ರಟ್ಟು ಕಟ್ ಮಾಡಿಕೊಟ್ಟಿದ್ದೇ ನಾನು. ಅವರೂ ಹಿಂಗೇ ಫೋಟೊ ತಂದಿದ್ರು.”

ಸರ್ವಮಂಗಳೆಯ ಮುಖ ಅರಳಿತು. “ನಂಗೊತ್ತಿತ್ತು, ಅದು ಅವಳ ತಲೇಲಿ ಹುಟ್ಟಿದ್ದಲ್ಲ ಅಂತ. ಯಾರದ್ದು ಕದ್ದಿದ್ಲು ಆ ಕಳ್ಳಿ?”

“ಯಾರೋ ಹೊಲಿದ ಬ್ಲೌಸು ಬಿಚ್ಚಿ, ತುಂಡುಗಳನ್ನ ಹಾಸಿ ಫೋಟೊ ತೆಗೆದಿದ್ರು” ಎಂದ ನದೀಮ್, ಹಳೆಯ ಫೋಟೊ ಹುಡುಕಿ ತೆರೆದು ಪರದೆಯನ್ನು ಅವಳತ್ತ ತಿರುಗಿಸಿದ. “ಕುತ್ತಿಗೆ ಪಟ್ಟೀಲಿ ನಿಮ್ಮ ಅಂಗಡಿ ಲೇಬಲ್ ಇದೆ ನೋಡಿ.”